ಬಂದವರ ಪಾಲಿನ ತುಂಡು

ಗಿಂಡಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸತ್ಯನಾರಾಯಣ ಅವರ ಪರೀಕ್ಷಾಲಯ ಎಲ್ಲಿದೆ ಎಂದು ಕೇಳಿದರೆ ಟೀ ಅಂಗಡಿಯವನೂ ದಾರಿ ತೋರಿಸುತ್ತಾನೆ. ಅಲ್ಲಿ ಬಸವಣ್ಣೆಮ್ಮ ಯಾರು ಎಂದು ಕೇಳಿದರೆ ಮಾತ್ರ ಬಾಗಿಲು ಕಾಯುವವನು ಕೂಡ ತಲೆ ಕೆರೆದುಕೊಳ್ಳುತ್ತಾನೆ. ಅಷ್ಟುದ್ದದ ಹೆಸರನ್ನು ಚೆನ್ನೈಯಲ್ಲಿ ಯಾರೂ ಬಾಯಿ ತುಂಬ ಕರೆದವರಲ್ಲ. ಮೂವತ್ತೊಂದು ವರ್ಷದಿಂದ ಅವಳು ಅಲ್ಲಿ ಎಲ್ಲರಿಗೂ ಅಕ್ಕ. ಅವಳಿಗಿಂತ ಹತ್ತು ವರ್ಷ ಹಿರಿಯರಾದ ಸತ್ಯನಾರಾಯಣ ಅವರಿಗೂ ಅಕ್ಕ.

ಅಕ್ಕನ ಕೆಲಸ ಉಕ್ಕನ್ನು ಗೋಳು ಹೊಯ್ದುಕೊಳ್ಳುವುದು. ಹೀಗೆನ್ನುವವನು ಅವಳ ಗಂಡ ಸಿದ್ಧಲಿಂಗೇಶ್. ವಿಮಾ ಕಚೇರಿಯಿಂದ ನಿವೃತ್ತನಾಗಿ ರಾಯಪುರಂ ಮನೆಯಲ್ಲಿ ಕೂತು ಎಲ್ಲರ ಕೆಲಸಕ್ಕೂ ಒಂದೊಂದು ಹೆಸರಿಡುವ ಮನುಷ್ಯ. ಮಾತೇನೂ ಸುಳ್ಳಲ್ಲ. ಯಾವುದೋ ಕಂಪನಿ ಎರಡು ಸ್ಟೇನ್‌ಲೆಸ್ ಸ್ಟೀಲ್ ಪೈಪುಗಳನ್ನು ವೆಲ್ಡ್ ಮಾಡಿ ಕಳಿಸುತ್ತದೆ. ಅಕ್ಕ ಅದನ್ನು ತುಂಡು ಮಾಡುತ್ತಾಳೆ, ಉಜ್ಜುತ್ತಾಳೆ, ಫರ್ನೇಸಿನ ಬಿಸಿಯಲ್ಲಿಡುತ್ತಾಳೆ, ಆಸಿಡ್ಡಿನಲ್ಲಿ ಕುದಿಸುತ್ತಾಳೆ, ಕೊನೆಗೆ ಹಿಡಿದು ಬಗ್ಗಿಸುತ್ತಾಳೆ. ಬಿರುಕು ಬಿಟ್ಟರೆ ಫೇಲು, ಬಿಡದಿದ್ದರೆ ಪಾಸು. ಆಮೇಲೆ ಇಂಜಿನಿಯರುಗಳು ವರದಿ ಬರೆದು ಸಹಿ ಹಾಕುತ್ತಾರೆ. ಅಕ್ಕನ ಹೆಸರು ಯಾವ ವರದಿಯಲ್ಲೂ ಇಲ್ಲ. ಐಟಿಐ ಓದಿದವಳ ಹೆಸರು ಅಲ್ಲಿ ಯಾಕಿರಬೇಕು ಎಂದು ಅವಳೇ ಕೇಳುತ್ತಾಳೆ. ಅವಳಿಗಿಲ್ಲದ ಬೇಸರವನ್ನು ನಾವು ಪಟ್ಟುಕೊಂಡು ಪ್ರಯೋಜನವಿಲ್ಲ.

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕೇ ಹಿಡಿಯುವುದಿಲ್ಲ ಎಂದು ಪಾತ್ರೆ ಅಂಗಡಿಯವರು ಆಣೆ ಇಟ್ಟು ಹೇಳುತ್ತಾರೆ. ಅಕ್ಕನ ಮುಂದೆ ಹೇಳಿದರೆ ನಗುತ್ತಾಳೆ. ಆ ಉಕ್ಕನ್ನು ಕಾಯುವುದು ಅದರೊಳಗಿನ ಕ್ರೋಮಿಯಂ. ವೆಲ್ಡ್ ಮಾಡಿದ ಜಾಗವೂ ಅದರ ಅಕ್ಕಪಕ್ಕವೂ ವರ್ಷಗಟ್ಟಲೆ ಬಿಸಿಯಲ್ಲೇ ಇದ್ದರೆ, ಉಕ್ಕಿನಲ್ಲಿರುವ ಚೂರುಪಾರು ಇಂಗಾಲ ಆ ಕ್ರೋಮಿಯಂ ಅನ್ನು ಮೆಲ್ಲಗೆ ತನ್ನ ಕಡೆ ಸೆಳೆದುಕೊಳ್ಳುತ್ತದೆ. ಕಣ ಕಣದ ನಡುವಿನ ಗಡಿಯಲ್ಲಿ ಕಾವಲಿಲ್ಲದ ಸಂದು ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ. ಒಳಗೆ ಮಾತ್ರ ಆಸಿಡ್ಡು, ಉಪ್ಪು, ಏನು ಬಂದರೂ ಆ ಸಂದಿನಲ್ಲೇ ನುಗ್ಗಿ ಕಣಗಳನ್ನು ಒಂದರಿಂದೊಂದು ಬಿಡಿಸಿಬಿಡುತ್ತದೆ. ಇದು ಒಂದು ದಿನದ, ಒಂದು ತಿಂಗಳ ಬಿಸಿಗೆ ಗೊತ್ತಾಗುವುದಿಲ್ಲ. ಕಾಯಬೇಕು. ಕಾಯುವುದರಲ್ಲಿ ಅಕ್ಕನನ್ನು ಮೀರಿಸಿದವರಿಲ್ಲ.

2024ರ ಮಾರ್ಚಿನಲ್ಲಿ ಪ್ರಮೋದ್ ಎಂಬಾತ ಬಂದ. ಮೈಸೂರಿನವನು, ರಾಸಾಯನಿಕ ಕಾರ್ಖಾನೆಗಳಿಗೆ ಬಿಸಿ ಅನಿಲದ ಪೈಪು ಮಾಡಿಕೊಡುವ ಒಂದು ಕಂಪನಿಯ ಅಧಿಕಾರಿ. ಅವರು ಹೊಸ ವೆಲ್ಡಿಂಗ್ ತಂತಿ ತಂದಿದ್ದರು. ಐನೂರು ಡಿಗ್ರಿಯಲ್ಲಿ ಇಪ್ಪತ್ತು ವರ್ಷ ಬಾಳುತ್ತದೆ ಎಂದು ತಂತಿ ಮಾರಿದವರ ಮಾತು. ಅದನ್ನು ಪರೀಕ್ಷಿಸಲು ಇಪ್ಪತ್ತನಾಲ್ಕು ತುಂಡುಗಳನ್ನು ಐನೂರು ಡಿಗ್ರಿಯ ಫರ್ನೇಸಿನಲ್ಲಿಟ್ಟು, ಸಾವಿರ, ಮೂರು ಸಾವಿರ, ಐದು ಸಾವಿರ, ಹತ್ತು ಸಾವಿರ ಗಂಟೆಗೆ ಆರಾರು ತುಂಡು ತೆಗೆದು ಕುದಿಸಿ ಬಗ್ಗಿಸಬೇಕು. ಹತ್ತು ಸಾವಿರ ಗಂಟೆ ಎಂದರೆ ಹದಿನಾಲ್ಕು ತಿಂಗಳು. ಅಕ್ಕ ಬೆರಳು ಮಡಿಸಿ ನೋಡಿದಳು. ತಾನು ನಿವೃತ್ತಳಾಗುವ ತಿಂಗಳಿಗೇ ಮುಗಿಯುತ್ತದೆ.

ತುಂಡು ಕತ್ತರಿಸುವ ದಿನ ಪ್ರಮೋದ್ ಪಕ್ಕದಲ್ಲೇ ನಿಂತಿದ್ದ. ಅಕ್ಕ ಇಪ್ಪತ್ತನಾಲ್ಕು ತುಂಡಿನ ಮೇಲೆ ಒಂದೊಂದೇ ನಂಬರ್ ಪಂಚ್ ಮಾಡಿದಳು. ಆಮೇಲೆ ಇನ್ನೊಂದು ತುಂಡು ಕತ್ತರಿಸಿ ಅದರ ಮೇಲೆ ಸೊನ್ನೆ ಹೊಡೆದಳು.

“ಇದ್ಯಾಕೆ ಮೇಡಮ್? ಇಪ್ಪತ್ನಾಲ್ಕು ಸಾಕಲ್ವಾ?”

“ಅದು ಬಂದವರ ಪಾಲು ಸಾರ್.”

ಅಕ್ಕನ ತವರಿನವರು ಹರಿಹರದ ಕಡೆಯ ಲಿಂಗಾಯತರು. ಅವಳಿಗೆ ಮೂರು ವರ್ಷವಿದ್ದಾಗ ಅಪ್ಪ ಏಕಾಂತಪ್ಪ ಫಿಟ್ಟರ್ ಕೆಲಸಕ್ಕೆಂದು ಮದ್ರಾಸಿಗೆ ಬಂದು ರಾಯಪುರಂನಲ್ಲಿ ನೆಲೆಯೂರಿದ್ದರು. ಆ ಒಂದೂವರೆ ಕೋಣೆಯ ಮನೆಯಲ್ಲೂ ಅವ್ವ ರೊಟ್ಟಿ ತಟ್ಟುವಾಗ ಮೊದಲನೆಯದನ್ನು ಪಕ್ಕಕ್ಕಿಡುತ್ತಿದ್ದಳು. ಯಾರು ಬರುತ್ತಾರೋ ಗೊತ್ತಿಲ್ಲ, ಬಂದರೆ ಇರಲಿ. ಆ ಅಭ್ಯಾಸ ಮಗಳ ಜೊತೆ ಪರೀಕ್ಷಾಲಯದವರೆಗೂ ಬಂದಿತ್ತು. ಯಾವ ಕೆಲಸಕ್ಕೂ ಅವಳು ಒಂದು ತುಂಡು ಹೆಚ್ಚಿಗೆ ಕತ್ತರಿಸಿಯೇ ಇಡುವುದು. ಕೆಲಸ ಮುಗಿದ ಮೇಲೆ ಆ ತುಂಡುಗಳು ರಾಯಪುರಂ ಮನೆ ಸೇರಿ, ಕಿಟಕಿ ಬಡಿಯದಂತೆ ತಡೆಯುವುದಕ್ಕೋ ಸಿದ್ಧಲಿಂಗೇಶನ ದಿನಪತ್ರಿಕೆ ಹಾರದಂತೆ ಒತ್ತಿಡುವುದಕ್ಕೋ ಆಗುತ್ತಿದ್ದವು. ಪ್ರಮೋದ್ ಇದನ್ನು ಕೇಳಿ ನಕ್ಕು, ಇಪ್ಪತ್ತೈದು ತುಂಡುಗಳನ್ನೂ ಸಾಲಾಗಿ ನಿಲ್ಲಿಸಿ ತನ್ನ ಫೋನಿನಲ್ಲಿ ಫೋಟೋ ತೆಗೆದುಕೊಂಡ.

ಸಾವಿರ ಗಂಟೆಯ ತುಂಡುಗಳು ಪಾಸಾದವು, ಮೂರು ಸಾವಿರದವೂ ಪಾಸಾದವು. ಐದು ಸಾವಿರ ಗಂಟೆ ತುಂಬಿದ್ದು ಅಕ್ಟೋಬರಿನಲ್ಲಿ, ಆಯುಧಪೂಜೆಯ ಹಿಂದಿನ ದಿನ. ಒಳಗೆ ಉಳಿದಿದ್ದ ಹನ್ನೆರಡು ತುಂಡುಗಳನ್ನು ಇಕ್ಕಳದಲ್ಲಿ ಹೊರತೆಗೆದು, ತಣಿಸಿ, ತೂಗಿ, ಆರನ್ನು ಪರೀಕ್ಷೆಗೆ ಇಟ್ಟುಕೊಂಡು ಆರನ್ನು ಮತ್ತೆ ಫರ್ನೇಸಿಗೆ ಹಾಕಬೇಕಿತ್ತು. ಸೊನ್ನೆಯ ತುಂಡನ್ನು ಅಕ್ಕ ಮುಟ್ಟಲಿಲ್ಲ. ಮೊದಲ ದಿನವೇ ಉಳಿದವುಗಳ ಜೊತೆ ಒಳಗಿಟ್ಟಿದ್ದ ಅದು ಫರ್ನೇಸಿನ ಹಿಂದಿನ ಮೂಲೆಯಲ್ಲಿತ್ತು. ಊಟಕ್ಕೆ ಕೂತವರನ್ನು ಮಧ್ಯೆ ಎಬ್ಬಿಸುವುದು ಯಾಕೆ ಎಂದು ಬಿಟ್ಟಳು.

ಮರುದಿನ ಪೂಜೆ. ಕತ್ತರಿಸುವ ಯಂತ್ರಕ್ಕೆ, ಮೈಕ್ರೋಸ್ಕೋಪಿಗೆ, ತಕ್ಕಡಿಗೆ, ಎಲ್ಲಕ್ಕೂ ವಿಭೂತಿ, ಗಂಧ, ಕುಂಕುಮ. ಪುರಿ, ಕಡಲೆ ಸುಂಡಲ್ ಹಂಚಿದ್ದಾಯಿತು, ಬಾಗಿಲಲ್ಲಿ ಬೂದುಗುಂಬಳ ಒಡೆದದ್ದಾಯಿತು. ಎಲ್ಲರೂ ಮನೆಗೆ ಹೊರಟ ಮೇಲೆ ಅಕ್ಕನ ಕಣ್ಣು ಟ್ರೇಯಲ್ಲಿದ್ದ ಆರು ತುಂಡುಗಳ ಮೇಲೆ ಬಿತ್ತು. ಇನ್ನೂ ಐದು ಸಾವಿರ ಗಂಟೆ ಬೇಯಬೇಕಾದವು. ಪರಸ್ಥಳಕ್ಕೆ ಹೊರಟ ಮಕ್ಕಳ ಹಾಗೆ ಕಂಡವು ಅವಳಿಗೆ. ಬಟ್ಟಲಲ್ಲಿ ಉಳಿದಿದ್ದ ಒದ್ದೆ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಒಂದೊಂದಕ್ಕೂ ಅಡ್ಡಡ್ಡ ಮೂರು ಗೆರೆ ಎಳೆದಳು.

ಅಷ್ಟಾಗಿದ್ದರೂ ಪರವಾಗಿರಲಿಲ್ಲ. ಫರ್ನೇಸಿಗೆ ಹಾಕುವ ಮುನ್ನ ಯಾವ ತುಂಡನ್ನಾದರೂ ಅಸಿಟೋನ್‌ನಿಂದ ಒರೆಸುವುದು ಅಲ್ಲಿಯ ಪದ್ಧತಿ. ಮರುದಿನ ಬೆಳಿಗ್ಗೆ ಅಕ್ಕ ಅಸಿಟೋನ್ ಬಾಟಲಿ ಕೈಗೆತ್ತಿಕೊಂಡಳು, ಕೆಳಗಿಟ್ಟಳು. ದೇವರ ವಿಭೂತಿಯನ್ನು ಆ ಘಾಟಿನ ದ್ರಾವಣದಲ್ಲಿ ಒರೆಸಲು ಕೈ ಬರಲಿಲ್ಲ. ಮನೆಯಲ್ಲಿ ಮಾಡುವ ಹಾಗೆ ನಲ್ಲಿಯ ಕೆಳಗೆ ಹಿಡಿದು, ಬೆರಳಿನಿಂದ ಉಜ್ಜಿ, ಆ ನೀರನ್ನು ಅಂಗಳದ ಬೇವಿನ ಬುಡಕ್ಕೆ ಸುರಿದು, ತುಂಡುಗಳನ್ನು ಒಣಗಿಸಿ ಒಳಗಿಟ್ಟಳು. ನಲ್ಲಿಯಲ್ಲಿ ಬರುತ್ತಿದ್ದದ್ದು ಬೋರಿನ ನೀರು. ಟೀ ಕಾಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುವಷ್ಟು ಉಪ್ಪು. ಆ ನೀರನ್ನು ಉಕ್ಕಿಗೆ ಸೋಕಿಸಿದರೆಂದು ಹೊಸಬರ ಬೆವರಿಳಿಸಿದವಳು ಇದೇ ಅಕ್ಕ. ಆ ಬೆಳಿಗ್ಗೆ ಮಾತ್ರ ಅವಳಿಗೆ ಅದು ಹೊಳೆಯಲೇ ಇಲ್ಲ.

ಆಮೇಲಿನ ಏಳು ತಿಂಗಳು ಅವಳು ಆ ಫರ್ನೇಸನ್ನು ಹೇಗೆ ಕಾದಳು ಎನ್ನುವುದಕ್ಕೆ ಒಂದೇ ದಿನದ ಮಾತು ಸಾಕು. ನವೆಂಬರ್ ಕೊನೆಗೆ ಚಂಡಮಾರುತ ಬಂದು ಊರೆಲ್ಲ ನೀರಾಯಿತು, ರೈಲು ನಿಂತಿತು. ಸಿದ್ಧಲಿಂಗೇಶ್ ಬಾಗಿಲಿಗೆ ಅಡ್ಡ ನಿಂತು, “ಇಂಥಾ ಮಳ್ಯಾಗೆ ಎಲ್ಲಿಗೆ ಹೊಂಟಿ? ಹುಚ್ಚು ಗಿಚ್ಚು ಹಿಡಿದೈತೇನು?” ಎಂದ. “ಕರೆಂಟ್ ಹೋದ್ರೆ ಜನರೇಟರ್ ಹಾಕೋರು ಯಾರೂ ಇಲ್ಲ ಕಣ್ರೀ” ಎಂದವಳೇ ಅವನ ಕಂಕುಳ ಕೆಳಗೆ ನುಸುಳಿ ಹೊರಟಳು. ಎರಡು ಆಟೋ ಬದಲಿಸಿ, ಉಳಿದದ್ದನ್ನು ಮೊಣಕಾಲುದ್ದ ನೀರಿನಲ್ಲಿ ನಡೆದು ಗಿಂಡಿ ತಲುಪಿದಾಗ ಮಧ್ಯಾಹ್ನ. ಫರ್ನೇಸಿನ ಮುಳ್ಳು ಐನೂರಿನಲ್ಲೇ ಇತ್ತು. ಅವಳು ಹೋಗದಿದ್ದರೂ ಇರುತ್ತಿತ್ತು ಎಂದು ಗಂಡ ಈಗಲೂ ಹಂಗಿಸುತ್ತಾನೆ.

ಮೇ ತಿಂಗಳ ಎರಡನೆಯ ವಾರ ಹತ್ತು ಸಾವಿರ ಗಂಟೆ ತುಂಬಿತು. ಹೊರಗೆ ತಮಿಳರು ಕತ್ತಿರಿ ಎನ್ನುವ ಸುಡುಬಿಸಿಲು, ಒಳಗೆ ಫರ್ನೇಸು. ಅಕ್ಕ ಆರು ತುಂಡು ತೆಗೆದು ಟ್ರೇಯಲ್ಲಿಟ್ಟಳು. ಹಿಂದಿನ ಮೂಲೆಯ ಸೊನ್ನೆಯ ತುಂಡನ್ನೂ ತೆಗೆದು, ತಣಿದ ಮೇಲೆ ಕಾಗದದಲ್ಲಿ ಸುತ್ತಿ ತಾರೀಖು ಬರೆದು ತನ್ನ ಮೇಜಿನ ಡ್ರಾಯರಿನಲ್ಲಿಟ್ಟಳು. ಆಮೇಲೆ ಟ್ರೇಯ ಕಡೆ ತಿರುಗಿದವಳು ಹಾಗೇ ನಿಂತುಬಿಟ್ಟಳು. ಕಂದು ಬಣ್ಣಕ್ಕೆ ತಿರುಗಿದ ಉಕ್ಕಿನ ಮೇಲೆ, ಆರಕ್ಕೆ ಆರರ ಮೇಲೂ, ವೆಲ್ಡಿಗೆ ಅಡ್ಡಲಾಗಿ ಬೂದು ಬಣ್ಣದ ಮೂರು ಗೆರೆ ಎದ್ದಿದ್ದವು.

ಪಕ್ಕದಲ್ಲಿ ಕೃತಿ ಇದ್ದಳು. ಈ ಕೆಲಸದ ಇಂಜಿನಿಯರ್, ಇಪ್ಪತ್ತೇಳರ ಹುಡುಗಿ. ಎಗ್ಮೋರಿನಲ್ಲಿ ಹುಟ್ಟಿ ಬೆಳೆದವಳು. ಅಜ್ಜ ರೈಲ್ವೆಯಲ್ಲಿದ್ದರಂತೆ. ಅವಳ ಕನ್ನಡದಲ್ಲಿ ಅರ್ಧ ತಮಿಳು.

“ಎನ್ನಕ್ಕಾ ಇದು? ಕೋಡು ಕೋಡಾ ಇದೆಯಲ್ಲ, ಮೂರು ಲೈನ್. ಹೀಟರ್ ಮಾರ್ಕಾ?”

ಅಕ್ಕ ಗೊತ್ತಿಲ್ಲ ಎನ್ನಲಿಲ್ಲ, ಗೊತ್ತಿದೆ ಎನ್ನಲೂ ಇಲ್ಲ. “ಮೊದಲು ಪರೀಕ್ಷೆ ಆಗ್ಲಿ ಕೃತಿ” ಎಂದಳು. ಆ ಮಾತಿಗೆ ಆಮೇಲೆ ಎಷ್ಟು ದಿನ ತನ್ನನ್ನೇ ಬೈದುಕೊಂಡಳೋ.

ಮೇಲಿನ ಪದರ ತೆಗೆದು, ಮೈಲುತುತ್ತ ಬೆರೆಸಿದ ಆಸಿಡ್ಡಿನಲ್ಲಿ ಹದಿನೈದು ಗಂಟೆ ಕುದಿಸಿ, ಒಂದೊಂದನ್ನೇ ಬಗ್ಗಿಸಿದರು. ಒಂದು ಬಿರಿಯಿತು. ಎರಡನೆಯದು ಬಿರಿಯಿತು. ಆರೂ ಬಿರಿದವು, ವೆಲ್ಡಿನ ಪಕ್ಕದಲ್ಲೇ. ಐದು ಸಾವಿರಕ್ಕೆ ಪಾಸಾದದ್ದು ಹತ್ತು ಸಾವಿರಕ್ಕೆ ಫೇಲು. ಕೃತಿಗೆ ಖುಷಿಯೋ ಖುಷಿ. ಹದಿನಾಲ್ಕು ತಿಂಗಳು ಕಾದದ್ದು ವ್ಯರ್ಥವಾಗಲಿಲ್ಲ, ಬೇಗ ಬೇಗ ಪರೀಕ್ಷೆ ಮುಗಿಸುವವರಿಗೆ ಇದು ಕಾಣುತ್ತಲೇ ಇರಲಿಲ್ಲ ಎನ್ನುತ್ತಾ, ಈ ತಂತಿಯ ವೆಲ್ಡ್ ಬಹುಕಾಲದ ಬಿಸಿಗೆ ತಕ್ಕುದಲ್ಲ ಎಂದು ವರದಿಯ ಕರಡು ಬರೆದೇಬಿಟ್ಟಳು.

ಪ್ರಮೋದ್ ಓಡಿ ಬಂದ. ಆ ತಂತಿಯಲ್ಲಿ ಒಂದು ಕಾರ್ಖಾನೆಯ ಪೈಪು ಆಗಲೇ ಅರ್ಧ ತಯಾರಾಗಿತ್ತು. ಕೆಟ್ಟ ಮನುಷ್ಯನಲ್ಲ, ಮೇಲಿನವರ ಮುಂದೆ ಕೈಕಟ್ಟಿ ನಿಲ್ಲಬೇಕಾದವನು. ಸತ್ಯನಾರಾಯಣ ಅವರ ಕೋಣೆಯಲ್ಲಿ ಕೂತು ಕರಡನ್ನು ಎರಡು ಸಲ ಓದಿದ.

“ಹ್ಯಾಂಡ್ಲಿಂಗಲ್ಲಿ ಏನಾದ್ರೂ ಎಡವಟ್ಟಾಗಿರೋ ಚಾನ್ಸ್ ಇದೆಯಾ ಸರ್? ಉಪ್ಪು, ಎಣ್ಣೆ, ಏನಾದ್ರೂ?”

“ನೋ ಚಾನ್ಸ್” ಎಂದಳು ಕೃತಿ. “ಇದನ್ನ ಮುಟ್ಟಿದ್ದು ನಮ್ಮ ಅಕ್ಕ ಒಬ್ರೇ.”

ಬಾಗಿಲ ಬಳಿ ನಿಂತಿದ್ದ ಅಕ್ಕನಿಗೆ ಆ ಹೊಗಳಿಕೆ ಮುಳ್ಳಿನಂತೆ ಚುಚ್ಚಿತು. ಇನ್ನೆರಡು ದಿನದಲ್ಲಿ ಬಂದು ವರದಿ ತೆಗೆದುಕೊಳ್ಳುತ್ತೇನೆ ಎಂದು ಪ್ರಮೋದ್ ಹೋದ.

ಆ ಸಂಜೆ ರೈಲಿನಲ್ಲಿ ಅವಳಿಗೆ ಸೀಟು ಸಿಕ್ಕಿದರೂ ಕೂರಲಿಲ್ಲ. ಬೀಚ್ ಸ್ಟೇಷನ್ ಬರುವವರೆಗೂ ಕಂಬಿ ಹಿಡಿದು ನಿಂತೇ ಬಂದಳು. ಹೇಳಿದರೆ ಪ್ರಮೋದನ ಕಂಪನಿ ಆರನ್ನೂ ಕಸಕ್ಕೆ ಹಾಕಿ, ಐದು ಸಾವಿರಕ್ಕೆ ಪಾಸಾದ ಕಾಗದವನ್ನೇ ಹಿಡಿದುಕೊಂಡು ಹೋಗುತ್ತದೆ. ವೆಲ್ಡ್ ನಿಜಕ್ಕೂ ಕೆಟ್ಟಿದ್ದರೆ ಆ ಪೈಪಿನ ಪಕ್ಕ ದಿನವೂ ನಿಲ್ಲುವವರ ಗತಿ ಏನು? ಹೇಳದಿದ್ದರೆ ಫೇಲೆಂಬ ವರದಿ ಹಾಗೇ ಉಳಿಯುತ್ತದೆ. ಆದರೆ ವೆಲ್ಡ್ ಒಳ್ಳೆಯದೇ ಆಗಿದ್ದು, ತನ್ನ ಉಪ್ಪುನೀರೇ ಅದನ್ನು ಕೊಂದಿದ್ದರೆ? ಯಾವ ಕಡೆಯಿಂದ ನೋಡಿದರೂ ಅದರಲ್ಲಿ ತನ್ನ ಮೂರು ಬೆರಳು ಇದ್ದವು.

ಸಿದ್ಧಲಿಂಗೇಶ್ ಎಲ್ಲವನ್ನೂ ಕೇಳಿಸಿಕೊಂಡ. ಅಪರೂಪಕ್ಕೆ ಹಂಗಿಸಲಿಲ್ಲ.

“ಇನ್ನು ಹದಿನೈದು ದಿನ ಐತಿ ನಿನ್ನ ಸರ್ವೀಸು. ಮೂವತ್ತೊಂದು ವರ್ಷದ ಹೆಸರು. ಯಾರಿಗೂ ಗೊತ್ತಾಗಿಲ್ಲ ಅಂತಿ. ಬಾಯಿ ಮುಚ್ಕೊಂಡು ಬಂದುಬಿಡು.”

“ನಮ್ಮಪ್ಪನ ಕೈ ನೀವು ನೋಡೀರಲ್ಲ.”

ಏಕಾಂತಪ್ಪನವರ ಬಲಗೈಯನ್ನು ನೋಡದವರು ಆ ಮನೆಯಲ್ಲಿ ಯಾರಿದ್ದಾರೆ. ಅಕ್ಕನಿಗೆ ಹದಿನೈದು ವರ್ಷವಿದ್ದಾಗ, ರಾಯಪುರಂ ಕಡೆಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಬಿಸಿ ಪೈಪಿನ ವೆಲ್ಡ್ ಬಿಟ್ಟುಕೊಂಡು ಅವರ ತೋಳು ಮೊಣಕೈವರೆಗೆ ಬೆಂದಿತ್ತು. ಚರ್ಮ ಕೊನೆಯವರೆಗೂ ಸುಕ್ಕಿದ ಹಾಳೆಯಂತೆಯೇ ಇತ್ತು. ಆ ಪೈಪಿಗೆ ಒಂದು ಚೀಟಿ ಕಟ್ಟಿದ್ದರು. ಪಾಸ್ ಎಂದು ಬರೆದಿತ್ತು, ಕೆಳಗೆ ಒಂದು ಗೀಚು. ಯಾರದೆಂದು ಓದಲಾಗದ ಗೀಚು. ಏಕಾಂತಪ್ಪ ಪರಿಹಾರಕ್ಕೆಂದು ಯಾರ ಬಾಗಿಲಿಗೂ ಹೋಗಲಿಲ್ಲ, ಜಗಳವಾಡಲಿಲ್ಲ. ಒಂದೇ ಮಾತು ಸಾಯುವವರೆಗೂ ಹೇಳುತ್ತಿದ್ದರು: “ಪಾಸ್ ಅಂತ ಬರ್ದೋನು ನೋಡಿ ಬರೆದ್ನೋ, ನೋಡ್ದೆ ಬರೆದ್ನೋ? ಅದೊಂದು ತಿಳೀಬೇಕಿತ್ತವ್ವ. ಯಾರನ್ನ ಕೇಳ್ಲಿ?” ಮಗಳು ಹಟ ಹಿಡಿದು ಐಟಿಐಗೆ ಸೇರಿದ್ದು ಅದಕ್ಕೇ.

“ನಾಳೆ ಹೇಳ್ತೀನಿ” ಎಂದಳು ಅಕ್ಕ. “ಹೇಳಿ ಸುಮ್ಮನಾಗಲ್ಲ. ಡ್ರಾಯರ್‌ನಾಗೆ ಸೊನ್ನೆ ನಂಬರಿನ ತುಂಡು ಐತಿ. ಅದಕ್ಕೆ ನನ್ನ ವಿಭೂತಿನೂ ಸೋಕಿಲ್ಲ, ನಲ್ಲಿ ನೀರೂ ಸೋಕಿಲ್ಲ. ಅದನ್ನ ಕುದಿಸ್ತೀನಿ.”

“ಅದು ಬಗ್ಗಿ ಸುಮ್ನೆ ನಿಂತುಬಿಟ್ರೆ? ಬಿರುಕೇ ಬಿಡದಿದ್ರೆ?”

“ಹಂಗಾದ್ರೆ ಆ ಆರನ್ನ ಮುರಿದೋಳು ನಾನು. ಹಂಗಂತಲೇ ಬರೀಲಿ.”

ಮರುದಿನ ಬೆಳಿಗ್ಗೆ ಅವಳು ಪ್ರಮೋದನನ್ನೂ ಕರೆಸಿ ಎಂದು ಕೇಳಿಕೊಂಡಳು. ಅವನು ಬಂದ ಮೇಲೆ ಸತ್ಯನಾರಾಯಣ ಅವರ ಮೇಜಿನ ಮುಂದೆ ನಿಂತು, ಆಯುಧಪೂಜೆಯ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಆ ಕೋಣೆಯಲ್ಲಿ ನಾಲ್ವರಿಗೂ ಕನ್ನಡ ಬರುತ್ತಿತ್ತು, ನಾಲ್ಕು ಬಗೆಯ ಕನ್ನಡ.

ಕೃತಿಯ ಮುಖ ಬಿಳಿಚಿಕೊಂಡಿತು. “ಅಯ್ಯೋ ಅಕ್ಕಾ… ಟ್ಯಾಪ್ ವಾಟರಾ? ನೀವಾ?”

“ಹೂಂ. ನಾನೇ.”

ಸತ್ಯನಾರಾಯಣ ಹೊಸೂರಿನ ಕಡೆಯವರು, ಸಿಟ್ಟು ಬಂದರೆ ಮೇಜು ಗುದ್ದುವವರು. ಆ ದಿನ ಗುದ್ದಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಕೂತರು. ಪ್ರಮೋದ್ ಮಾತ್ರ ನೆಟ್ಟಗಾದ.

“ಹಾಗಿದ್ರೆ ಹತ್ತು ಸಾವಿರ ಗಂಟೆ ರಿಸಲ್ಟೇ ಇಲ್ಲ ಅಂತಾಯ್ತು. ಐದು ಸಾವಿರಕ್ಕೆ ಪಾಸು. ಅಷ್ಟು ಬರೆದುಕೊಡಿ ಸರ್, ಮುಗೀತು.”

“ಮುಗ್ದಿಲ್ಲ ಸಾರ್” ಎಂದು ಅಕ್ಕ ಕಾಗದದ ಪೊಟ್ಟಣವನ್ನು ಮೇಜಿನ ಮೇಲೆ ಬಿಚ್ಚಿದಳು. ಅದರೊಳಗಿನ ತುಂಡು ಉದ್ದಕ್ಕೂ ಒಂದೇ ಕಂದು. ಗೆರೆ ಇಲ್ಲ, ಕಲೆ ಇಲ್ಲ. “ಇದು ಒಳಗೆ ಹೋದದ್ದು ಆ ಆರರ ಜೊತೆಗೆ, ಹೊರಗೆ ಬಂದದ್ದೂ ಅವರ ಜೊತೆಗೆ. ನಡುವೆ ಒಂದ್ಸಲನೂ ಹೊರಗೆ ಬಂದಿಲ್ಲ. ಇದನ್ನ ಪರೀಕ್ಷೆ ಮಾಡ್ರಿ.”

“ಇದು ಯಾವ ಪೇಪರಲ್ಲೂ ಇಲ್ವಲ್ಲ ಮೇಡಮ್. ನಾನು ಹೇಗೆ ಒಪ್ಪಲಿ?”

“ನಿಮ್ಮ ಫೋನಿನಾಗೆ ಐತಿ ಸಾರ್. ನೋಡ್ರಿ.”

ಪ್ರಮೋದ್ ಫೋನು ತೆಗೆದ. ಬಹಳ ಹೊತ್ತು ಹಿಂದಕ್ಕೆ ಸರಿಸುತ್ತ ಹೋದ. ಬೇಕೆಂದಿದ್ದರೆ ಸಿಗಲಿಲ್ಲ ಎಂದು ಹೇಳಿ ಎದ್ದುಹೋಗಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಅವನು ಆ ಫೋಟೋವನ್ನು ದೊಡ್ಡದು ಮಾಡಿ ನೋಡಿ, ಮೇಜಿನ ಮೇಲಿನ ತುಂಡನ್ನು ಎತ್ತಿ ಸೊನ್ನೆಯ ಗುರುತನ್ನು ಅದರ ಪಕ್ಕದಲ್ಲಿ ಹಿಡಿದ. ಪಂಚು ಸ್ವಲ್ಪ ಎಡಕ್ಕೆ ವಾಲಿತ್ತು, ಫೋಟೋದಲ್ಲೂ ಹಾಗೆಯೇ.

“ಸರಿ” ಎಂದ. “ನಾನೂ ಇಲ್ಲೇ ಇರ್ತೀನಿ. ಕುದಿಯೋಕೆ ಹಾಕೋದ್ರಿಂದ ಬಗ್ಗಿಸೋವರೆಗೂ ಎಲ್ಲ ನನ್ನ ಕಣ್ಣೆದುರಿಗೇ ಆಗ್ಬೇಕು.”

“ಆಗ್ಲಿ. ಆದ್ರೆ ಕೈ ನಂದು ಬ್ಯಾಡ” ಎಂದಳು ಅಕ್ಕ. “ಕೃತಿ ಮಾಡ್ಲಿ.”

ಇದು ಅವಳಿಗೆ ಎಷ್ಟು ಕಷ್ಟದ ಮಾತೆಂದು ಕೃತಿಗೆ ಗೊತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಅಕ್ಕ ಇರುವಾಗ ಇನ್ನೊಬ್ಬರು ಆ ಗಾಜಿನ ಪಾತ್ರೆ ಮುಟ್ಟಿದ್ದಿಲ್ಲ. ಕೃತಿ ತುಂಡನ್ನು ಅಸಿಟೋನ್‌ನಿಂದ ಒರೆಸಿದಳು, ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದಳು, ಪದರ ತೆಗೆದು ಮತ್ತೆ ತೊಳೆದಳು. ಅಕ್ಕ ಗೋಡೆಗೆ ಒರಗಿ, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಳು. ನೀಲಿ ದ್ರಾವಣ ಕುದಿಯತೊಡಗಿತು. ಪ್ರಮೋದ್ ಎದುರಿಗೆ ಕುರ್ಚಿ ಹಾಕಿಕೊಂಡು ಕೂತ. ಮಧ್ಯಾಹ್ನ ಅಕ್ಕ ತನ್ನ ಡಬ್ಬಿ ತೆರೆದು ರೊಟ್ಟಿ ಪಲ್ಯವನ್ನು ಅವನ ಮುಂದಿಟ್ಟಳು. ಬೇಡ ಬೇಡ ಎನ್ನುತ್ತಲೇ ಅವನು ಎರಡು ತಿಂದ. ಡಬ್ಬಿಯಲ್ಲಿ ಯಾವತ್ತೂ ಒಂದು ರೊಟ್ಟಿ ಹೆಚ್ಚಿಗೆ ಇರುತ್ತದೆ ಎನ್ನುವುದನ್ನು ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ಬಗ್ಗಿಸುವ ಯಂತ್ರದ ಸುತ್ತ ಸೇರಿದರು. ಬಿರಿದರೆ ವೆಲ್ಡ್ ಕೆಟ್ಟದ್ದು, ಒಂದು ಕಂಪನಿಯ ಅರ್ಧ ಮಾಡಿದ ಕೆಲಸ ನೀರಿನಲ್ಲಿ ಹೋಮ. ಬಿರಿಯದಿದ್ದರೆ ತಾನು ಕೆಟ್ಟವಳು, ಹದಿನಾಲ್ಕು ತಿಂಗಳು ನೀರಿನಲ್ಲಿ ಹೋಮ. ಯಾವುದು ಆಗಲಿ ಎಂದು ಬೇಡಿಕೊಳ್ಳಬೇಕೆಂದು ತಿಳಿಯದೆ ಅಕ್ಕ ಏನನ್ನೂ ಬೇಡಿಕೊಳ್ಳಲಿಲ್ಲ. ಕಣ್ಣು ಮಾತ್ರ ಮುಚ್ಚಲಿಲ್ಲ. ನೋಡುವುದೇ ತನ್ನ ಕೆಲಸ ಎಂದುಕೊಂಡಳು.

ಕೃತಿ ಹಿಡಿಕೆ ತಿರುಗಿಸಿದಳು. ತುಂಡು ಮೆಲ್ಲಗೆ ಬಾಗಿತು, ಇನ್ನೂ ಬಾಗಿತು. ಏನೂ ಸದ್ದಾಗಲಿಲ್ಲ. ಅದನ್ನು ತೆಗೆದು, ತಾನು ನೋಡದೆ, ಭೂತಗನ್ನಡಿಯ ಜೊತೆ ಪ್ರಮೋದನ ಕೈಗೆ ಕೊಟ್ಟಳು. ಅವನು ನೋಡಿದ. ತುಂಡನ್ನು ತಿರುಗಿಸಿ ಮತ್ತೆ ನೋಡಿದ. ಹಣೆಯ ಬೆವರು ಒರೆಸಿಕೊಂಡು ಮೂರನೆಯ ಸಲ ನೋಡಿದ.

“ಇದೆ” ಎಂದ. “ವೆಲ್ಡ್ ಪಕ್ಕ. ಉದ್ದಕ್ಕೂ ಇದೆ.”

ಅಕ್ಕನೂ ನೋಡಿದಳು. ಒಂದಲ್ಲ, ಸಣ್ಣ ಸಣ್ಣ ಹತ್ತಾರು ಬಿರುಕು, ಆ ಆರರಲ್ಲಿ ಇದ್ದ ಜಾಗದಲ್ಲೇ. ಮುರಿದವಳು ತಾನಲ್ಲ. ಎದೆಯಿಂದ ಒಂದು ಭಾರ ಇಳಿದು ಕಣ್ಣು ತುಂಬಿತು. ಮರುಗಳಿಗೆ ಪ್ರಮೋದನ ಮುಖ ಕಂಡು, ಒಬ್ಬರ ಕೆಲಸ ಕೆಟ್ಟದ್ದಕ್ಕೆ ತನಗೆ ನೆಮ್ಮದಿಯಾಯಿತಲ್ಲ ಎಂದು ನಾಚಿಕೆಯೂ ಆಯಿತು. ಅವನು ಹೊರಗೆ ಹೋಗಿ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದ. ಗಟ್ಟಿಯಾಗಿಯೂ ಮಾತಾಡಿದ, ತಗ್ಗಿಯೂ ಮಾತಾಡಿದ. ಒಳಗೆ ಬಂದು, “ಆ ಪೈಪು ನಿಲ್ಲಿಸ್ತಿದಾರೆ. ಬೇರೆ ತಂತಿ ನೋಡ್ತಾರಂತೆ” ಎಂದು ಅಕ್ಕನ ಕಡೆ ತಿರುಗಿ ಹೇಳಿದ, ಸತ್ಯನಾರಾಯಣ ಅವರ ಕಡೆಗಲ್ಲ.

ಉಳಿದದ್ದು ವರದಿ. ಕೃತಿ ಹೊಸದಾಗಿ ಬರೆದಳು. ಆರು ತುಂಡುಗಳು ಮಧ್ಯದಲ್ಲಿ ಕಲುಷಿತವಾದವು, ಅವನ್ನು ತೀರ್ಮಾನಕ್ಕೆ ತೆಗೆದುಕೊಂಡಿಲ್ಲ, ಸೊನ್ನೆ ಸಂಖ್ಯೆಯ ತುಂಡಿನ ಆಧಾರದ ಮೇಲೆ ಈ ಮಾತು, ಒಂದೇ ತುಂಡಾದ್ದರಿಂದ ಪರೀಕ್ಷೆಯನ್ನು ಪುನಃ ಮಾಡುವುದು ಒಳ್ಳೆಯದು, ಅಲ್ಲಿಯವರೆಗೆ ಈ ವೆಲ್ಡನ್ನು ಬಳಸಬಾರದು. ಸತ್ಯನಾರಾಯಣ ಓದಿ ತಲೆಯಾಡಿಸಿದರು. ಅಕ್ಕ ತನಗೂ ಓದಿ ಹೇಳಲು ಕೇಳಿದಳು. ‘ಸಿಬ್ಬಂದಿಯೊಬ್ಬರಿಂದ ಕಲುಷಿತವಾದವು’ ಎನ್ನುವ ಕಡೆ ಕೈ ಎತ್ತಿದಳು.

“ಅಲ್ಲಿ ಹೆಸರು ಹಾಕ್ರಿ ಸಾರ್.”

“ಬೇಡಕ್ಕಾ. ಇಷ್ಟು ವರ್ಷ ಯಾವ ರಿಪೋರ್ಟಲ್ಲೂ ನಿಮ್ಮ ಹೆಸರು ಬರ್ಲಿಲ್ಲ, ಅದು ನನ್ನ ತಪ್ಪೇ. ಹೋಗೋ ಟೈಮಲ್ಲಿ ತಪ್ಪಿನ ಪಕ್ಕ ಬರೋದು ಬೇಡ. ಸಿಬ್ಬಂದಿ ಅಂದ್ರೆ ಸಾಕು.”

“ಸಾಕಾಗಲ್ಲ ಸಾರ್. ನಾಳೆ ಯಾರಾದ್ರೂ ಇದನ್ನ ಓದಿ, ಹಿಂಗೆ ಮಾಡ್ದೋರು ಯಾರು, ಯಾಕೆ ಮಾಡಿದ್ರು ಅಂತ ಕೇಳ್ಬೇಕು ಅನ್ಕೊಂಡ್ರೆ ಯಾರನ್ನ ಕೇಳ್ತಾರೆ? ನಾನು ರಾಯಪುರಂದಾಗೇ ಇರ್ತೀನಿ. ಬಂದು ಕೇಳ್ಲಿ.”

ಕೃತಿ ಸತ್ಯನಾರಾಯಣ ಅವರ ಮುಖ ನೋಡಿದಳು. ಅವರು ಹೂಂ ಎಂದರು. ಅವಳು ಸಿಬ್ಬಂದಿ ಎಂಬುದನ್ನು ಅಳಿಸಿ ಹೆಸರು ಟೈಪ್ ಮಾಡಿದಳು. ಆಮೇಲೆ ಯಾರನ್ನೂ ಕೇಳದೆ ಕೆಳಗೊಂದು ಸಾಲು ಸೇರಿಸಿದಳು. ಸೊನ್ನೆ ಸಂಖ್ಯೆಯ ತುಂಡನ್ನು ಕತ್ತರಿಸಿ ಕಾಪಾಡಿದವರೂ ಅವರೇ ಎಂದು.

ಮುದ್ರಿಸಿದ ಹಾಳೆ ಅಕ್ಕನ ಮುಂದೆ ಬಂತು. ಸತ್ಯನಾರಾಯಣ ತಮ್ಮ ಪೆನ್ನನ್ನೇ ಕೊಟ್ಟರು. ಬ್ಯಾಂಕಿನಲ್ಲೂ ರೇಷನ್ ಅಂಗಡಿಯಲ್ಲೂ ಅವಳು ಅವಸರದಲ್ಲಿ ಎಳೆಯುವ ಒಂದು ಸಹಿ ಇತ್ತು, ಅದು ಅವಳಿಗೇ ಓದಲು ಬರುವುದಿಲ್ಲ. ಇಲ್ಲಿ ಅದನ್ನು ಎಳೆಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಮೊದಲು ಏಕಾಂತಪ್ಪನವರ ಹೆಸರನ್ನು ಪೂರ್ತಿ ಬರೆದು, ಅದರ ಮುಂದೆ ಬಸವಣ್ಣೆಮ್ಮ ಎಂದು ಒಂದೊಂದೇ ಅಕ್ಷರ ಬಿಡಿಸಿ ಬರೆದಳು, ಯಾರು ಬೇಕಾದರೂ ಓದುವ ಹಾಗೆ.